ಜನರಲ್ ದೊರೆಯ ಸರ್ವೀಸು, ಶಾಗ್ಯದ ಒಂದು ತಿಥಿ

1964ನೇ ಇಸವಿ ಜನವರಿ ತಿಂಗಳ ಮೊದಲ ಸೋಮವಾರ ನಾನು ಜನರಲ್ ದೊರೆಯ ಬಂಗಲೆಗೆ ಟೈಪಿಸ್ಟಾಗಿ ಸೇರಿದೆ. ಕೊಳ್ಳೇಗಾಲದ ನಮ್ಮ ಮನೆಯಿಂದ ಯಳಂದೂರು ರಸ್ತೆ ಹಿಡಿದು ಸೈಕಲ್ಲು ತುಳಿದರೆ ಅಗರಕ್ಕೆ ನಲವತ್ತು ನಿಮಿಷ, ಅಲ್ಲಿಂದ ಗದ್ದೆಯ ನಡುವಿನ ದಾರಿಯಲ್ಲಿ ಬಂಗಲೆಗೆ ಹನ್ನೆರಡು. ಎದುರು ಗಾಳಿ ಇದ್ದರೆ ಹದಿನೆಂಟು. ಇದನ್ನೆಲ್ಲ ಆಗಲೇ ಬರೆದಿಟ್ಟಿದ್ದೇನೆ. ನಮ್ಮದು ಮಗ್ಗದ ಮನೆ. ಹಾಸಿನ ಎಳೆ ಎಣಿಸಲು ಬಾರದವನಿಗೆ ನಮ್ಮಪ್ಪ ಊಟಕ್ಕೆ ಕೂರಲು ಬಿಡುತ್ತಿರಲಿಲ್ಲ. ನಾನು ಮಗ್ಗ ಬಿಟ್ಟು ಟೈಪಿಂಗ್ ಹೈಯರ್ ಪಾಸು ಮಾಡಿದೆ, ಎಣಿಸುವುದನ್ನು ಮಾತ್ರ ಬಿಡಲಾಗಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಗರದವರೂ ಯಳಂದೂರಿನವರೂ ಅವನನ್ನು ‘ದೊರೆಗಳು’ ಎನ್ನುತ್ತಿದ್ದರು. ಎದುರಿಗೆ ನಾನೂ ‘ಸಾರ್’ ಎನ್ನುತ್ತಿದ್ದೆ. ಡೈರಿಯಲ್ಲಿ ಮಾತ್ರ ಎರಡನೇ ವಾರದಿಂದಲೇ ‘ಅವನು’ ಎಂದು ಬರೆದಿದ್ದೇನೆ. ಅರವತ್ತೊಂಬತ್ತು ವರ್ಷದ ಮನುಷ್ಯನಿಗೆ ಇಪ್ಪತ್ಮೂರರವನು ಏಕವಚನ ಹಾಕುವುದು ನಮ್ಮ ಮನೆಯಲ್ಲಿ ಕಲಿಸಿದ ನಡತೆಯಲ್ಲ. ಎಂಟು ವರ್ಷವಾದ ಮೇಲೂ ಅದನ್ನು ತಿದ್ದಬೇಕೆಂದು ನನಗೆ ಅನ್ನಿಸಿಲ್ಲ.

ನನ್ನ ಕೆಲಸ ಅವನ ಆತ್ಮಕತೆ ಬರೆದುಕೊಳ್ಳುವುದು. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ ಅವನು ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನಾನು ಶಾರ್ಟ್‌ಹ್ಯಾಂಡಿನಲ್ಲಿ ತೆಗೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಅದನ್ನು ಟೈಪು ಮಾಡುವುದು. ನಾಲ್ಕು ಗಂಟೆಗೆ ಹಾಳೆಗಳನ್ನು ಜೋಡಿಸಿ ಮುಂದಿಟ್ಟರೆ ಪ್ರತಿ ಹಾಳೆಯ ಕೆಳಗೂ ಅವನು ಪೂರಾ ಸಹಿ ಹಾಕುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, ಮುಂದೆ ಯಾವುದಾದರೂ ಮ್ಯೂಸಿಯಮ್ಮಿಗೆ ಬೇಕಾಗಬಹುದು ಎಂದ. ಅವನಿಗೆ ಕನ್ನಡಕವಿತ್ತು. ಆದರೆ ಸಿಪಾಯಿಯಾದವನು ಕನ್ನಡಕ ಹಾಕಿದ್ದನ್ನು ನೌಕರರು ನೋಡಬಾರದೆಂದು ಅದನ್ನು ಮಲಗುವ ಕೋಣೆಯಲ್ಲೇ ಇಟ್ಟಿರುತ್ತಿದ್ದ. ಹೀಗಾಗಿ ಓದದೆಯೇ ಸಹಿ ಹಾಕುತ್ತಿದ್ದ.

ಅವನು ಈ ದೇಶದಲ್ಲಿ ಉಳಿದದ್ದಕ್ಕೆ ಕಾರಣವನ್ನು ಅವನೇ ಹೇಳಿದ. ಅವನ ಊರಿನಲ್ಲಿ ಈಗ ಬೂಟಿಗೆ ತಾನೇ ಪಾಲಿಶ್ ಹಾಕಿಕೊಳ್ಳಬೇಕಂತೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ತೋಟ ಮಾಡಿದ್ದ ಗೆಳೆಯನೊಬ್ಬ ತೋಟ ಮಾರಿಕೊಂಡು ಹೋಗುವಾಗ ಬೆಟ್ಟದ ಕೆಳಗಿನ ಈ ಬಂಗಲೆಯನ್ನು ಇವನಿಗೆ ಕೊಡಿಸಿ ಹೋಗಿದ್ದ. ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಏಳು ವರ್ಷ ದಾಟಿತ್ತು. ಇವನು ಇನ್ನೂ ಕೊಯಮತ್ತೂರಿನ ಕಲೆಕ್ಟರಿಗೇ ದೂರು ಬರೆಯುತ್ತಿದ್ದ. ನಾನಿದ್ದ ಐದು ತಿಂಗಳಲ್ಲಿ ಬರೆಸಿದ ಕಾಗದ ಹನ್ನೊಂದು, ಬಂದ ಉತ್ತರ ಒಂದೂ ಇಲ್ಲ. ಕೊಯಮತ್ತೂರಿನವರು ಸೋಮಾರಿಗಳಾಗಿದ್ದಾರೆ ಎಂದ. ರಾಜ್ಯ ಬದಲಾಯಿತು ಎಂದು ಎರಡು ಸಲ ಹೇಳಿದೆ. ಎರಡು ಸಲವೂ ಅದು ತಾತ್ಕಾಲಿಕ ಎಂದ.

ಸರ್ವೀಸಿನ ವಿಷಯಕ್ಕೆ ಬರುತ್ತೇನೆ. ಒಟ್ಟು ಮೂವತ್ತೆರಡು ವರ್ಷ. 1914ರಲ್ಲಿ ಹತ್ತೊಂಬತ್ತರ ವಯಸ್ಸಿನಲ್ಲಿ ಬೊಂಬಾಯಿಯಲ್ಲಿ ಹಡಗಿಳಿದ. ಅವನ ತಾತ ಇಲ್ಲಿ ಕರ್ನಲ್ ಆಗಿದ್ದ, ಅಪ್ಪನೂ ಆಗಿದ್ದ. ಆದ್ದರಿಂದ ಅವನಿಗೆ ಬೇರೆ ಯೋಚನೆ ಬರಲಿಲ್ಲ. ಆಮೇಲೂ ಯಾವ ಯೋಚನೆಯಾದರೂ ಬಂದದ್ದಕ್ಕೆ ಅವನ ಡೈರಿಗಳಲ್ಲಿ ಗುರುತಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋದ. ಮೂರನೇ ವಾರವೇ ಕಾಮಾಲೆ ಹಿಡಿದು ಬೊಂಬಾಯಿಯ ಆಸ್ಪತ್ರೆಗೆ ಬಂದ. ಅವನ ಪಟಾಲಮ್ಮಿನವರು ಮರಳಿನಲ್ಲಿ ಸಾಯುತ್ತಿದ್ದಾಗ ಇವನು ಬಾರ್ಲಿ ಗಂಜಿ ಕುಡಿಯುತ್ತಿದ್ದ. ಅದಕ್ಕೊಂದು ಪದಕ. ಆಮೇಲೆ ವಾಯವ್ಯ ಗಡಿಯಲ್ಲಿ ಒಬ್ಬ ಪಠಾಣ ಮುಖಂಡನನ್ನು ಹದಿನಾಲ್ಕು ತಿಂಗಳು ಅಟ್ಟಿಸಿಕೊಂಡು ಹೋದ. ಆ ಮುಖಂಡ ತನ್ನ ಮನೆಯಲ್ಲಿ, ತನ್ನ ಮಂಚದ ಮೇಲೆ, ಮುಪ್ಪಿನಿಂದ ಸತ್ತ. ಅದಕ್ಕೂ ಒಂದು ಪದಕ. ನಡುವೆ ಪೋಲೊ ಆಡುತ್ತ ಕುದುರೆಯಿಂದ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡ. ಈ ಮೂಳೆಯೊಂದಕ್ಕೇ ಒಂಬತ್ತು ಹಾಳೆ ಹಿಡಿಯಿತು. ಬಸ್ರಾಕ್ಕೆ ನಾಲ್ಕು.

ತಾನು ಜನರಲ್ ಎಂದು ಅವನು ಗೇಟಿನ ಮೇಲೆ ಹಲಗೆ ಹಾಕಿಸಿದ್ದ. ಅವನ ಕಾಗದಗಳನ್ನೇ ನೋಡಿದರೆ ಅವನು ಮೇಜರ್ ಜನರಲ್ ಆಗಿದ್ದದ್ದು ಕೊನೆಯ ಏಳು ತಿಂಗಳು, ಅದೂ ಹಂಗಾಮಿಯಾಗಿ, ಯುದ್ಧವೆಲ್ಲ ಮುಗಿದ ಮೇಲೆ, ಒಂದು ಡಿಪೋದಲ್ಲಿ ಕಂಬಳಿ ಮತ್ತು ಡೇರೆ ಎಣಿಸಿಕೊಂಡು.

ಮಾರ್ಚ್ ತಿಂಗಳ ಹೊತ್ತಿಗೆ ತಾರೀಖು ತಾಳೆ ನೋಡಲೆಂದು ಅವನು ತನ್ನ ಹಳೆಯ ಡೈರಿಗಳನ್ನು ತಗಡಿನ ಟ್ರಂಕಿನಿಂದ, ಬರೆಸುತ್ತಿದ್ದ ವರ್ಷಕ್ಕೆ ತಕ್ಕಂತೆ, ಒಂದೊಂದಾಗಿ ನನಗೆ ಕೊಡತೊಡಗಿದ. ವರ್ಷಕ್ಕೊಂದರಂತೆ ಮೂವತ್ತೆರಡು ಡೈರಿ. ಇದೊಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಜಾತಿಯವರು, ಆದ್ದರಿಂದ ಮೊದಲಿಗೆ ನನಗೆ ಆಸೆಯೇ ಆಯಿತು. ಓದುತ್ತ ಹೋದಂತೆ ಒಂದು ಹಾಳೆಯ ಮೇಲೆ ಗೆರೆ ಹಾಕಿ ಲೆಕ್ಕ ಇಟ್ಟೆ. ಗುಂಡಿನ ಸದ್ದು ಕೇಳಿದ ದಿನ ನಲವತ್ತೊಂದು. ಹಕ್ಕಿ ಬೇಟೆಯ ದಿನ ಆರುನೂರ ಹದಿನೇಳು. ನಾಯಿಗಳು ಒಂಬತ್ತು, ಕುದುರೆಗಳು ಹದಿನಾಲ್ಕು, ಎಲ್ಲಕ್ಕೂ ಹೆಸರು, ವಯಸ್ಸು, ಸತ್ತ ದಿನ. ನಮ್ಮ ದೇಶದ ಸಿಪಾಯಿಗಳನ್ನು ಅವನು ತಲೆ ಲೆಕ್ಕದಲ್ಲಿ ಬರೆಯುತ್ತಿರಲಿಲ್ಲ, ಬಂದೂಕಿನ ಲೆಕ್ಕದಲ್ಲಿ ಬರೆಯುತ್ತಿದ್ದ. ‘ಇನ್ನೂರು ರೈಫಲ್ ಕಳಿಸಿದೆ, ನೂರ ಅರವತ್ತು ವಾಪಸು ಬಂದವು’ ಎಂದು.

ಬಂಗಲೆಯ ಹಿಂದೆ ಅಡಿಗೆಮನೆ. ಮಧ್ಯಾಹ್ನ ನಾನು ಡಬ್ಬಿ ತೆಗೆದುಕೊಂಡು ಅದರ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅಡಿಗೆಯವರು ಶಾಗ್ಯದವರು, ಐವತ್ತೈದರ ಆಸುಪಾಸು. ಮೊದಲು ಕೊಳ್ಳೇಗಾಲದ ಪ್ರವಾಸಿ ಬಂಗಲೆಯಲ್ಲಿ ಅಡಿಗೆ ಮಾಡುತ್ತಿದ್ದರಂತೆ. ನಾನು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆ.

‘ಇವತ್ತು ಏನ್ ಬರ್ಸ್ದ?’

‘ಕುದುರೆಯಿಂದ ಬಿದ್ದದ್ದು, ದೊಡ್ಡಪ್ಪ.’

‘ನೆನ್ನೇನೂ ಅದೇ ಅಂದಲ್ಲೊ.’

‘ಇನ್ನೂ ನೆಲ ಮುಟ್ಟಿಲ್ಲ.’

ಅವರು ನಗುವಾಗ ಸದ್ದು ಮಾಡುತ್ತಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಒಂದೊಂದು ದಿನ ಸೂಪಿನ ಪಾತ್ರೆ ಕೆಳಗಿಳಿಸಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ‘ಬರ್ಮಾ ಯಾವಾಗ ಬತ್ತದೆ?’ ಫೆಬ್ರವರಿ ತಿಂಗಳಲ್ಲಿ ಹೀಗೆ ಆರು ಸಲ ಕೇಳಿದರು. ಆರನೆಯ ಸಲ ನಾನು ಯಾಕೆ ಎಂದೆ.

‘ನನ್ ತಮ್ಮ ಅಲ್ಲೋದ,’ ಎಂದರು. ‘ಮಿಲ್ಟ್ರಿಲಿ ಸಾಮಾನ್ ಒರೋ ಏಸರಗತ್ತೆ ನೋಡ್ಕಳದು ಅವ್ನ್ ಕೆಲ್ಸ. ಇದೇ ದೊರೆ ಕೈ ಕೆಳಗಿದ್ದ. ನಲವತ್ತೆರಡರಲ್ಲಿ ಕಾಣೆಯಾಗವ್ನೆ ಅಂತ ತಂತಿ ಬಂತು. ಅಷ್ಟೆ. ಸತ್ತ ಅಂತ್ಲೂ ಬರ್ಲಿಲ್ಲ, ಅವ್ನೂ ಬರ್ಲಿಲ್ಲ.’

‘ದೊರೆಯನ್ನ ಕೇಳಲಿಲ್ವಾ?’

‘ಬಂದ್ ಒಸ್ತರಲ್ಲೇ ಕೇಳ್ದೆ ಕಣಪ್ಪ. ನಂಗ್ ಬರೋ ನಾಕು ಮಾತು ಇಂದೀಲಿ. ಬಹಾದ್ದೂರ್ ಲೋಗ್, ಬಹಾದ್ದೂರ್ ಲೋಗ್ ಅಂದ್ಬುಟ್ಟು ಸೂಪ್ ತತ್ತಾ ಅಂದ. ಆಗಿಂದ ತಂದ್ ಕೊಡ್ತಾವ್ನಿ. ಒಂಬತ್ತು ವರ್ಸ. ಎಂದಾರ ಒಂದಿನ ಬಾಯ್ ಬುಟ್ಟಾನು ಅಂತ.’

ತಮ್ಮ ಹೋದದ್ದು ದುಃಖದ ವಿಷಯ ನಿಜ, ಆದರೆ ಇಷ್ಟು ವರ್ಷದ ಮೇಲೆ ದಿನ ಗೊತ್ತಾದರೆ ಏನು ಸಿಗುತ್ತದೆ ಎಂದು ನಾನು ಕೇಳಿಬಿಟ್ಟೆ. ಕೊಳ್ಳೇಗಾಲದ ಪೇಟೆಯಲ್ಲಿ ಬೆಳೆದವನ ಪ್ರಶ್ನೆ ಅದು. ಅವರು ಕೋಪ ಮಾಡಿಕೊಳ್ಳಲಿಲ್ಲ, ಬಿಡಿಸಿ ಹೇಳಿದರು.

ತಮ್ಮನ ಹೆಂಡತಿ ಶಾಗ್ಯದಲ್ಲಿದ್ದರು. ಸತ್ತ ದಿನ ಗೊತ್ತಿಲ್ಲದೆ ತಿಥಿ ಮಾಡುವಂತಿಲ್ಲ, ತಿಥಿಯಾಗದೆ ಬಳೆ ತೆಗೆಯುವಂತಿಲ್ಲ ಎಂದು ಊರಿನ ಹಿರಿಯರು ಹೇಳಿದ್ದರು. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಅವರ ಕೈಯಲ್ಲಿ ಬಳೆ, ಕತ್ತಿನಲ್ಲಿ ತಾಳಿ, ಹಣೆಯಲ್ಲಿ ಕುಂಕುಮ. ಆದರೆ ಯಾರ ಮನೆಯ ಮದುವೆಯಲ್ಲೂ ಅರಿಶಿನಕ್ಕೆ ಅವರನ್ನು ಕರೆಯುತ್ತಿರಲಿಲ್ಲ. ಮುತ್ತೈದೆ ಎಂದು ಕರೆದು, ಆತ ಅದಾಗಲೇ ಸತ್ತಿದ್ದರೆ ಮದುವಣಗಿತ್ತಿಗೆ ಕೇಡು ಎಂಬ ಹೆದರಿಕೆ. ಗಂಡ ಹೋದಾಗ ಹೊಟ್ಟೆಯಲ್ಲಿದ್ದ ಮಗಳಿಗೆ ಈಗ ಇಪ್ಪತ್ತೆರಡು ತುಂಬುತ್ತಿತ್ತು. ಮೂರು ಗಂಡು ಬಂದು ತಪ್ಪಿಹೋಗಿದ್ದವು. ಲಗ್ನಪತ್ರಿಕೆಯಲ್ಲಿ ಹುಡುಗಿಯ ಅಪ್ಪನ ಹೆಸರಿನ ಮುಂದೆ ‘ಶ್ರೀ’ ಹಾಕಬೇಕೋ ‘ದಿವಂಗತ’ ಹಾಕಬೇಕೋ, ಅಲ್ಲಿಗೆ ಬಂದು ಮಾತು ನಿಲ್ಲುತ್ತಿತ್ತು.

‘ಈಗ ಕೌದಳ್ಳಿಯಿಂದ ಒಂದು ಗಂಡು ಬಂದದೆ. ಒಳ್ಳೆ ಜನ. ಉಡುಗನ್ ಅಪ್ಪ ನೇರವಾಗಿ ಅಂದ. ಬದುಕವ್ನೆ ಅಂದ್ರೆ ಮನುಸನ್ ತೋರ್ಸಿ, ಸತ್ತವ್ನೆ ಅಂದ್ರೆ ದಿನ ತೋರ್ಸಿ. ಎರಡೂ ಇಲ್ಲ ಅಂದ್ರೆ ನಾವೇನ್ ಮಾಡವ, ಅಂದ. ಅವ್ನ್ ಮಾತಲ್ಲೇನ್ ತಪ್ಪದೆ? ವೈಶಾಖ ಕಳಿಯಗಂಟ ಕಾಯ್ತೀವಿ ಅಂದವ್ರೆ.’

ಆ ದಿನ ನನ್ನ ಡೈರಿಯಲ್ಲಿ ಒಂದೇ ಸಾಲು: ‘ವೈಶಾಖ ಮುಗಿಯುವುದರೊಳಗೆ ಒಂದು ತಾರೀಖು ಹುಡುಕಬೇಕು.’

ಬರ್ಮಾ ಬಂದದ್ದು ಏಪ್ರಿಲ್ ಮೊದಲ ವಾರದಲ್ಲಿ. 1942ರಲ್ಲಿ ಅವನು ಅಲ್ಲಿ ಬ್ರಿಗೇಡಿಯರ್. ಜಪಾನಿನವರು ಮೇಲೆ ಬಿದ್ದಾಗ ಇಡೀ ಸೈನ್ಯ ಹಿಂದಕ್ಕೆ ಓಡಿಬಂತು. ಅವನು ಅದನ್ನು ಹಾಗೆ ಹೇಳಲಿಲ್ಲ. ‘ಕ್ರಮಬದ್ಧವಾಗಿ ಸ್ಥಳ ಬದಲಾಯಿಸಿದೆವು’ ಎಂದು ಬರೆಸಿದ. ಕ್ರಮಬದ್ಧ ಎಂಬ ಮಾತು ಆ ಅಧ್ಯಾಯದಲ್ಲಿ ಹದಿನೇಳು ಸಲ ಬರುತ್ತದೆ. ಒಂದು ನದಿ ದಾಟಿದ್ದನ್ನು ಹೇಳುವಾಗ ಅವನು ಮಾತು ನಿಲ್ಲಿಸಿ ಚಾಚಿದ್ದ ಕಾಲು ಕೆಳಗಿಳಿಸಿದ. ನನಗೆ ಅಚ್ಚರಿಯಾಗಿ ಪೆನ್ಸಿಲು ನಿಲ್ಲಿಸಿದೆ. ಅಲ್ಲಿ ಅವನ ನಾಯಿ ಮುಳುಗಿ ಸತ್ತಿತಂತೆ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ದಿನ ಮರೆತಿದೆ, ಡೈರಿಯಲ್ಲಿ ನೋಡಿ ಹಾಕು ಎಂದ.

ಮಧ್ಯಾಹ್ನ 1942ರ ಡೈರಿ ತೆಗೆದೆ. ಮೇ 9, ಶನಿವಾರ. ಅಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ‘ಬೆಳಿಗ್ಗೆ ನದಿ ದಾಟಿದೆವು. ಚಹಾ ತಡವಾಯಿತು. ನನ್ನ ನಾಯಿ ದೋಣಿಯಿಂದ ಜಾರಿ ಬಿದ್ದಳು. ನಾಲ್ಕು ವರ್ಷ ಎರಡು ತಿಂಗಳು ನನ್ನೊಂದಿಗಿದ್ದಳು. ಇಂಥ ಸಂಗಾತಿ ಇನ್ನು ಸಿಗುವುದಿಲ್ಲ. ಅವಳನ್ನು ತರಲು ನೀರಿಗೆ ಕಳಿಸಿದ ನನ್ನ ಹೇಸರಗತ್ತೆಯವನೂ ಮೇಲೆ ಬರಲಿಲ್ಲ. ಊಟ ಸೇರಲಿಲ್ಲ.’ ನಾಯಿಯ ಹೆಸರೂ ಅಲ್ಲಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಟ್ಟಿಲ್ಲ. ಅದೇ ತಿಂಗಳ ಕೊನೆಯ ಪುಟದಲ್ಲಿ ಮೇಲಿನವರಿಗೆ ಕಳಿಸಿದ ವರದಿಯ ನಕಲಿತ್ತು. ಅದರಲ್ಲೂ ಹೆಸರಿಲ್ಲದ ಆ ಮನುಷ್ಯ ‘ಮುಳುಗಿದ’ ಅಲ್ಲ, ‘ಕಾಣೆ’. ಮುಳುಗಿದ ಎಂದರೆ ಹೇಗೆ, ಯಾರು ಇಳಿಸಿದರು ಎಂದು ಯಾರಾದರೂ ಕೇಳಬಹುದು. ಕಾಣೆ ಎಂದರೆ ಯಾರೂ ಕೇಳುವುದಿಲ್ಲ. ಇವನು ಆ ದಿನ ನಾಯಿಗಾಗಿ ಊಟ ಬಿಟ್ಟು ಮಲಗಿದ, ತಿಂಗಳ ಕೊನೆಗೆ ಆ ಒಂದು ಮಾತನ್ನು ಬದಲಾಯಿಸಿ ಬರೆದ. ಶಾಗ್ಯದಲ್ಲಿ ಒಬ್ಬ ಹೆಂಗಸು ಇಪ್ಪತ್ತೆರಡು ವರ್ಷ ಬಳೆ ಹಾಕಿಕೊಂಡು ಬಾಗಿಲ ಒಳಗೆ ಕೂತರು.

ಮರುದಿನ ಬೆಳಿಗ್ಗೆ ಡೈರಿಯನ್ನು ಅವನ ಮುಂದೆ ಹಿಡಿದೆ. ಕನ್ನಡಕವಿಲ್ಲದ್ದರಿಂದ ನಾನೇ ಓದಬೇಕಾಯಿತು.

‘ಸಾರ್, ಈ ಹೇಸರಗತ್ತೆಯವನು ಯಾರು?’

‘ಅದೆಲ್ಲ ಪುಸ್ತಕಕ್ಕೆ ಬೇಡ. ನಾಯಿಯದನ್ನು ಮಾತ್ರ ಇಟ್ಟುಕೊ.’

‘ಅವನು ನಿಮ್ಮ ಅಡಿಗೆಯವರ ತಮ್ಮ ಸಾರ್.’

‘ಹೌದೇ? ಅವನು ಎಂದೂ ಹೇಳಲಿಲ್ಲವಲ್ಲ.’

ದಿನ ಗೊತ್ತಾಗದೆ ಮನೆಯವರಿಗೆ ಕಷ್ಟವಾಗಿದೆ, ನಾಲ್ಕು ಸಾಲು ಬರೆದು ಸಹಿ ಹಾಕಿಕೊಟ್ಟರೆ ಸಾಕು ಎಂದೆ. ತಿಥಿಯ ವಿಷಯವನ್ನೂ ಬಳೆಯ ವಿಷಯವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಗಡಿಯಾರ ನೋಡಿದ. ದಾಖಲೆ ಕಚೇರಿಗೆ ಬರೆದುಕೊಳ್ಳಲಿ ಎಂದ. ದೊಡ್ಡಪ್ಪ ನಾಲ್ಕು ಸಲ ಬರೆಸಿದ್ದರು. ಹಾಗೆ ಒಬ್ಬನಿಗೆ ಕೊಟ್ಟರೆ ನಾಳೆ ಬೆಟ್ಟದ ತನಕ ಸಾಲು ನಿಲ್ಲುತ್ತಾರೆ ಎಂದ. ಆಮೇಲೆ, ಎಲ್ಲಿಗೆ ನಿಲ್ಲಿಸಿದ್ದೆವು, ಎಂದ.

ಆ ಮಧ್ಯಾಹ್ನ ನಾನು ಹನ್ನೊಂದು ಹಾಳೆ ಟೈಪು ಮಾಡಿದೆ. ಏಳನೆಯದು ಅವನ ಹೆಸರು ಅಚ್ಚಾಗಿದ್ದ ಹಾಳೆ. ಮೇಲೆ ‘ನನ್ನ 1942ರ ಡೈರಿಯಿಂದ ತೆಗೆದ ಯಥಾಪ್ರತಿ’ ಎಂದು ಹಾಕಿ, ಮೇ 9ರ ಬರಹವನ್ನು ಒಂದಕ್ಷರವೂ ಬಿಡದೆ ಇಳಿಸಿದ್ದೆ. ನಾಯಿಯನ್ನು ಬಿಟ್ಟು ಆ ಮನುಷ್ಯನನ್ನು ಮಾತ್ರ ಇಡಬಹುದಿತ್ತು. ಯಥಾಪ್ರತಿ ಎಂದ ಮೇಲೆ ಕೈ ಒಪ್ಪಲಿಲ್ಲ. ನಾಲ್ಕು ಗಂಟೆಗೆ ಅವನು ಹನ್ನೊಂದಕ್ಕೂ ಸಹಿ ಹಾಕಿದ. ಆರನೆಯದಕ್ಕೆ ಮಾತ್ರ ಶಾಯಿ ಹರಡಿತು, ಬೈದ. ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಅವನು ಮಾಡಿದ ಉಪಯೋಗದ ಕೆಲಸ ನನಗೆ ತಿಳಿದಂತೆ ಅದೊಂದೇ, ಅದೂ ಅವನಿಗೆ ಗೊತ್ತಿಲ್ಲದೆ.

ದೊಡ್ಡಪ್ಪನಿಗೆ ತಾರೀಖು ಹೇಳಿದೆ, ನದಿ ಹೇಳಿದೆ. ನಾಯಿಯನ್ನು ಹೇಳಲಿಲ್ಲ. ಅವರು ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹಿತ್ತಲಿಗೆ ಹೋದರು. ಹನೂರಿನ ಪಂಚಾಂಗದ ಐನೋರ ಹತ್ತಿರ ಹೋಗಿ ಹಳೆಯ ಪಂಚಾಂಗದ ಕಟ್ಟು ಬಿಚ್ಚಿಸಿ ನೋಡಿಸಿದೆವು. ಚಿತ್ರಭಾನು ಸಂವತ್ಸರ, ವೈಶಾಖ ಬಹುಳ ನವಮಿ. ಈ ವರ್ಷ ಅದು ಮೇ 5ಕ್ಕೆ ಬೀಳುತ್ತದೆ ಎಂದರು. ಹದಿನಾರು ದಿನ ಉಳಿದಿತ್ತು.

ಮುಂದಿನ ಭಾನುವಾರ ಕೌದಳ್ಳಿಯವರು ಶಾಗ್ಯಕ್ಕೆ ಬಂದರು, ಹುಡುಗನ ಅಪ್ಪ ಮತ್ತು ಇಂಗ್ಲಿಷ್ ಬಲ್ಲ ಅವರ ಸೋದರಳಿಯ, ಇಸ್ಕೂಲು ಮೇಷ್ಟ್ರು. ಜಗಲಿಯ ಮೇಲೆ ಚಾಪೆ ಹಾಸಿದ್ದರು. ದೊಡ್ಡಪ್ಪನ ನಾದಿನಿ, ಆ ತಮ್ಮನ ಹೆಂಡತಿ, ಬಾಗಿಲ ಒಳಗೆ ಗೋಡೆಗೆ ಒರಗಿ ನಿಂತಿದ್ದರು, ನನಗೆ ಕಾಣುತ್ತಿದ್ದದ್ದು ಅವರ ಒಂದು ಕೈ ಮತ್ತು ಹಸಿರು ಬಳೆ. ನಾನು ಕಾಗದ ಬಿಚ್ಚಿ ಕನ್ನಡದಲ್ಲಿ ಹೇಳಿದೆ. ಇಂಥ ತಾರೀಖು, ನದಿ ದಾಟುವಾಗ, ಹೇಸರಗತ್ತೆ ನೋಡಿಕೊಳ್ಳುತ್ತಿದ್ದವರು ಮುಳುಗಿದರು. ಕೆಳಗೆ ದೊರೆಯ ಸಹಿ.

ಮೇಷ್ಟ್ರು ಕಾಗದ ತೆಗೆದುಕೊಂಡು ಓದಿದರು. ‘ಇಲ್ಲಿ ಇನ್ನೂ ಇದೆಯಲ್ಲ,’ ಎಂದರು.

ಹುಡುಗನ ಅಪ್ಪ, ‘ಇರೋದ್ನೆಲ್ಲ ಓದ್ಲಾ, ಅದ್ಕೇ ನಿನ್ನ ಕರ್ಕಬಂದಿರದು,’ ಎಂದರು.

ಮೇಷ್ಟ್ರು ಓದಿದರು. ಚಹಾ, ನಾಯಿ, ನಾಲ್ಕು ವರ್ಷ ಎರಡು ತಿಂಗಳು, ಸಂಗಾತಿ, ನೀರಿಗೆ ಕಳಿಸಿದ್ದು, ಊಟ. ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ಚಾಪೆಯ ಅಂಚನ್ನು ನೋಡುತ್ತಿದ್ದೆ.

‘ಅವ್ನು ಬಾವಿ ಮೆಟ್ಲು ಇಳಿಯಕ್ಕೂ ಎದ್ರತಿದ್ದ,’ ಎಂದರು ದೊಡ್ಡಪ್ಪ.

ಹುಡುಗನ ಅಪ್ಪ ಎಲೆ ಅಡಿಕೆ ಪಕ್ಕಕ್ಕೆ ಸರಿಸಿದರು. ‘ನಾಯಿಗೆ ಎಸ್ರು ಬರ್ದವ್ನಾ?’

‘ಬರ್ದವ್ನೆ ಮಾವ.’

‘ನಮ್ಮವ್ರ್ದು?’

‘ಇಲ್ಲ.’

‘ಅಂಗಾರೆ ಇವ್ರೇ ಅಂತ ಎಂಗ್ ಏಳದು? ತಪ್ ತಿಳ್ಕಬೇಡಿ ಅಣ್ಣಾರೆ. ಏಸರಗತ್ತೆಯವ್ರು ಸಾವ್ರ ಜನ ಇದ್ದಾರು. ಯಾರೋ ಸತ್ ದಿನಕ್ಕೆ ನಮ್ಮಮ್ಮಣ್ಣಿ ಬಳೆ ತೆಗ್ಸಿ, ನಾಳೀಕ್ ಅವ್ರು ಬಂದು ಬಾಗ್ಲಲ್ ನಿತ್ಕಂಡ್ರೆ?’

ಮೂವತ್ತೆರಡು ಡೈರಿಯನ್ನೂ ಓದಿದ್ದೆ, ಆ ಹೆಸರು ಎಲ್ಲೂ ಇಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಆಗ ಒಳಗಿನಿಂದ ನಾದಿನಿ, ‘ನಾಯಿ ಎಸ್ರು ಏನಂತೆ, ಕೇಳಿ ಬಾವ,’ ಎಂದರು.

ಮೇಷ್ಟ್ರು ಹೇಳಿದರು.

ಅವರು ಒಳಗೆ ಹೋಗಿ ಒಂದು ಕಾಗದ ತಂದು ಹೊಸಿಲ ಮೇಲೆ ಇಟ್ಟರು. ಗಂಡ ಬರ್ಮಾದಿಂದ ಯಾರ ಕೈಯಲ್ಲೋ ಬರೆಸಿ ಕಳಿಸಿದ ಕೊನೆಯ ಕಾಗದ. ಬಂದ ದಿನ ಊರಿನ ಮೇಷ್ಟ್ರೊಬ್ಬರು ಒಂದು ಸಲ ಓದಿ ಹೇಳಿದ್ದರಂತೆ. ದೊರೆಯ ಹೆಸರು ಎಲ್ಲರ ನೆನಪಿನಲ್ಲೂ ಉಳಿಯಿತು, ಉಳಿದದ್ದನ್ನು ಎಲ್ಲರೂ ಮರೆತರು. ಓದು ಬಾರದ ಈ ಹೆಂಗಸು ಮಾತ್ರ ಅಷ್ಟನ್ನೂ ಬಾಯಲ್ಲಿ ಇಟ್ಟುಕೊಂಡಿದ್ದರು. ಮೇಷ್ಟ್ರು ಕಾಗದ ಬಿಚ್ಚುವ ಮೊದಲೇ ಅವರೇ ಬಾಯಿಪಾಠವಾಗಿ ಹೇಳಿದರು. ‘ಇಲ್ಲಿ ನಾನು ಸುಖವಾಗಿದ್ದೇನೆ. ದೊರೆಯ ಸಾಮಾನಿನ ನಾಲ್ಕು ಹೇಸರಗತ್ತೆ ನನ್ನ ವಶ. ದೊರೆಯ ನಾಯಿಗೂ ನಾನೇ ಅನ್ನ ಹಾಕುತ್ತೇನೆ.’ ಆಮೇಲೆ ನಾಯಿಯ ಹೆಸರು. ಅದೇ ಹೆಸರು. ‘ಅದು ನನ್ನ ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ.’

ಮೇಷ್ಟ್ರು ಎರಡು ಕಾಗದವನ್ನೂ ಪಕ್ಕದಲ್ಲಿಟ್ಟು ನೋಡಿ ಹೌದೆಂದು ತಲೆಯಾಡಿಸಿದರು. ಹುಡುಗನ ಅಪ್ಪ ಎದ್ದು ನಿಂತು, ಬಾಗಿಲ ಕಡೆ ಕೈ ಮುಗಿದು, ‘ಪತ್ರಿಕೇಲಿ ದಿವಂಗತ ಅಂತ್ಲೇ ಆಕ್ಸಿ, ಇನ್ನು ನಮ್ ಕಡಿಂದ ಮಾತಿಲ್ಲ. ಆಸಾಡಕ್ ಮುಂಚೆ ಮಾಡವ,’ ಎಂದರು.

ಮಾರನೆಯ ದಿನ ದೊಡ್ಡಪ್ಪ ಬಂಗಲೆಗೆ ಬಂದರು, ಒಲೆ ಹೊತ್ತಿಸಲಿಲ್ಲ. ವರಾಂಡಕ್ಕೆ ಬಂದು ನಿಂತು, ‘ಒಂದು ಮಾತು ಕೇಳ್ಬೇಕು, ಇಂಗ್ಲೀಸಲ್ ಏಳಪ್ಪ,’ ಎಂದರು. ‘ನನ್ ತಮ್ಮಂಗೆ ಈಜು ಬತ್ತದಾ ಅಂತ ನೀರಿಗಿಳಸಕ್ ಮುಂಚೆ ಕೇಳ್ದಾ, ಅಂತ ಕೇಳು.’

ಕೇಳಿದೆ. ಅವನು ದೊಡ್ಡಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ‘ಯಾರು ಇವನಿಗೆ ಹೇಳಿದ್ದು?’ ಎಂದ. ‘ನಿಮ್ಮ ಡೈರಿ, ಸಾರ್,’ ಎಂದೆ. ಮುಖ ಕೆಂಪಾಯಿತು. ಅದು ಯುದ್ಧ, ಯುದ್ಧದಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿಕೊಂಡು ನಿನಗೆ ಇದು ಬರುತ್ತದೆಯೇ ಅದು ಬರುತ್ತದೆಯೇ ಎಂದು ಕೇಳುವ ಪದ್ಧತಿಯಿಲ್ಲ, ಎಂದ. ಆಮೇಲೆ ಸ್ವಲ್ಪ ದನಿ ಇಳಿಸಿ, ‘ಅವಳಿಗೂ ಈಜು ಬರುತ್ತಿತ್ತು, ಸುಳಿ ಜೋರಿತ್ತು,’ ಎಂದ. ನಾಯಿಯ ಮಾತು ಅದು.

ನಾನು ಮೊದಲನೆಯದನ್ನು ಕನ್ನಡದಲ್ಲಿ ಹೇಳಿದೆ. ಎರಡನೆಯದನ್ನೂ ಹೇಳಿದೆ. ಒಂದು ಸಲ ಬಿಟ್ಟು ಹೇಳಿ ಅನುಭವಿಸಿದ್ದು ಸಾಕಾಗಿತ್ತು. ದೊಡ್ಡಪ್ಪ ಕೇಳಿಸಿಕೊಂಡು ಅಡಿಗೆಮನೆಗೆ ಹೋಗಿ ತಮ್ಮ ಕಂಬಳಿ ಮತ್ತು ತಟ್ಟೆ ತೆಗೆದುಕೊಂಡು ಗದ್ದೆಯ ದಾರಿಯಲ್ಲಿ ಹೊರಟುಹೋದರು. ಆ ಮಧ್ಯಾಹ್ನ ಅವನಿಗೆ ಊಟವಿರಲಿಲ್ಲ. ಬಿಸ್ಕತ್ತಿನ ಡಬ್ಬಿ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಮೇ ತಿಂಗಳ ಕೊನೆಗೆ ನಾನೂ ಕೆಲಸ ಬಿಟ್ಟೆ. ಅಷ್ಟರಲ್ಲಿ ನಾನೂರ ಹನ್ನೆರಡು ಹಾಳೆಯಾಗಿತ್ತು. ಎರಡು ವರ್ಷದ ಮೇಲೆ ಅವನು ಬಂಗಲೆ ಬಿಟ್ಟು ತನ್ನ ದೇಶಕ್ಕೆ ಹೊರಟುಹೋದ. ಪುಸ್ತಕ ಅಚ್ಚಾದದ್ದನ್ನು ನಾನು ಕೇಳಿಲ್ಲ. ಗೇಟಿನ ಹಲಗೆಯನ್ನು ಅಗರದ ಯಾರೋ ಕೋಳಿಗೂಡಿಗೆ ಬಾಗಿಲು ಮಾಡಿದರು. ಗಟ್ಟಿ ಮರ, ಈಗಲೂ ಇದೆ.

ತಿಥಿಯ ದಿನ, ಮೇ 5, ಮಂಗಳವಾರ, ನಾನು ರಜೆ ಹಾಕಿ ಶಾಗ್ಯಕ್ಕೆ ಹೋದೆ. ಹನೂರಿನ ಐನೋರು ದರ್ಭೆಯಲ್ಲಿ ಒಂದು ಆಳು ಮಾಡಿ, ಅದಕ್ಕೆ ಆತನ ಹೆಸರಿಟ್ಟು ಕರೆದು, ಮಾಡಬೇಕಾದ್ದನ್ನೆಲ್ಲ ಮಾಡಿಸಿದರು. ಆಮೇಲೆ ನಾಲ್ಕು ಜನ ಹೆಂಗಸರು ನಾದಿನಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನಾವು ಗಂಡಸರು ಜಗಲಿಯಲ್ಲಿ ಕೂತಿದ್ದೆವು. ಹಿತ್ತಲಿನಿಂದ ಬಳೆ ಒಡೆಯುವ ಸದ್ದೂ ಅಳುವೂ ಕೇಳುತ್ತಿತ್ತು. ಈ ದಿನವನ್ನು ತಂದುಕೊಟ್ಟವನು ನಾನು ಎಂಬುದು ಆವರೆಗೆ ನನ್ನ ತಲೆಗೆ ಈ ರೀತಿಯಲ್ಲಿ ಹೋಗಿರಲಿಲ್ಲ. ಮಗಳ ಮದುವೆ ಎಂದಷ್ಟೇ ಎಣಿಸಿದ್ದೆ. ಎದ್ದು ಹೋಗಿಬಿಡೋಣ ಎನ್ನಿಸಿತು. ದೊಡ್ಡಪ್ಪ ನನ್ನ ತೊಡೆಯ ಮೇಲೆ ಕೈ ಇಟ್ಟು ಕೂರಿಸಿದರು.

ಊಟಕ್ಕೆ ನಾದಿನಿಯೇ ಬಂದು ಬಡಿಸಿದರು. ಬರಿಗೈ. ನನ್ನ ಎಲೆಯ ಮುಂದೆ ನಿಂತರು.

‘ತಲೆ ಎತ್ ಉಣ್ಣಪ್ಪ. ನೀನೇನ್ ಮಾಡ್ದೆ. ಯಾವ್ ದಿನ ಅಳಬೇಕು ಅಂತ್ಲೇ ನಂಗ್ ಗೊತ್ತಿರ್ನಿಲ್ಲ. ಅದ್ಕೇ ದಿನಾ ಅಳ್ತಿದ್ದೆ. ಈಗ ವರ್ಸಕ್ ಒಂದಿನ ಆಯ್ತು.’

ಅವರು ಇನ್ನೊಂದು ಸೌಟು ಸಾರು ಬಿಟ್ಟರು.

‘ವರ್ಸ ವರ್ಸ ಈ ನವಮಿ ಯಾವ್ ತಾರೀಕ್ ಬತ್ತದೆ ಅಂತ ನಂಗೊಂದ್ ಕಾಗ್ದ ಬರ್ದಾಕು.’

‘ಹನೂರಿನ ಐನೋರು ಹೇಳ್ತಾರಲ್ಲ, ಅಮ್ಮ?’

‘ಐನೋರು ಬಾಯಲ್ಲಿ ಏಳ್ತರೆ. ನೀನು ಬರ್ದ್ ಕೊಡು. ಬರಿಬೇಕಾದವ್ನು ಬರೀದೆ ಇದ್ದದ್ದಕ್ಕೇ ಇಷ್ಟ್ ವರ್ಸ ಓಯ್ತು.’

ಆಷಾಢಕ್ಕೆ ಮುಂಚೆ ಮದುವೆಯಾಯಿತು. ಲಗ್ನಪತ್ರಿಕೆಯನ್ನು ಕೊಳ್ಳೇಗಾಲದಲ್ಲಿ ನಾನೇ ಅಚ್ಚು ಹಾಕಿಸಿದೆ. ಕರಡನ್ನು ಮೂರು ಸಲ ನೋಡಿದೆ.

ಯುಗಾದಿಗೆ ಹೊಸ ಪಂಚಾಂಗ ಬಂದ ವಾರವೇ ನಾನು ಶಾಗ್ಯಕ್ಕೆ ಕಾರ್ಡು ಬರೆಯುತ್ತೇನೆ. ಈ ವರ್ಷದ್ದು ಸೇರಿ ಎಂಟು ಹೋಗಿವೆ. ಅದರಲ್ಲಿ ಎರಡೇ ಸಾಲು. ಮೇಲಿನ ಸಾಲಿನಲ್ಲಿ ಆತನ ಹೆಸರು, ಆತನ ಅಪ್ಪನ ಹೆಸರಿನೊಂದಿಗೆ ಪೂರ್ತಿಯಾಗಿ. ಅದರ ಕೆಳಗೆ ತಾರೀಖು.